ಬರೆಯುವವರಿಗೆ ಸಂಬಳ ಕೊಟ್ಟ ಊರು

2023ರ ಅಕ್ಟೋಬರ್ 31ರ ವಿಶ್ವ ನಗರಗಳ ದಿನದಂದು, ವಿಶ್ವಸಂಸ್ಥೆಯ ಶಿಕ್ಷಣ, ವಿಜ್ಞಾನ ಮತ್ತು ಸಂಸ್ಕೃತಿ ಸಂಸ್ಥೆಯಾದ ಯುನೆಸ್ಕೊ ತನ್ನ ಸೃಜನಶೀಲ ನಗರಗಳ ಜಾಲಕ್ಕೆ 55 ಹೊಸ ನಗರಗಳನ್ನು ಸೇರಿಸಿಕೊಂಡಿತು. ಅವುಗಳಲ್ಲಿ ಭಾರತದ ಎರಡು ಊರುಗಳಿದ್ದವು: ಗ್ವಾಲಿಯರಿಗೆ ಸಂಗೀತ ನಗರವೆಂಬ ಹೆಸರೂ ಕೇರಳದ ಕೋಯಿಕ್ಕೋಡಿಗೆ ಸಾಹಿತ್ಯ ನಗರವೆಂಬ ಹೆಸರೂ ದೊರೆತವು. ಇಂಗ್ಲಿಷರ ಬಾಯಲ್ಲಿ ಕ್ಯಾಲಿಕಟ್ ಆಗಿ, ಕನ್ನಡಿಗರ ಬಾಯಲ್ಲಿ ಬಹುಕಾಲದಿಂದ ಕಲ್ಲಿಕೋಟೆಯಾಗಿಯೇ ಉಳಿದಿರುವ ಈ ಕಡಲತಡಿಯ ಪಟ್ಟಣ, ಸಾಹಿತ್ಯದ ಹೆಸರಿನಲ್ಲಿ ಆ ಜಾಲವನ್ನು ಸೇರಿದ ಭಾರತದ ಮೊದಲ ನಗರ. ಕೊಲ್ಕತ್ತದ ಕಾಲೇಜು ಬೀದಿಯ ಪುಸ್ತಕದಂಗಡಿಗಳನ್ನು ನೆನೆಯುವವರಿಗೂ, ಬೇಂದ್ರೆಯವರ ಧಾರವಾಡವನ್ನು ಕುವೆಂಪು ಅವರ ಮೈಸೂರಿನ ಎದುರಿಗಿಟ್ಟು ತೂಗುವ ಕನ್ನಡಿಗರಿಗೂ ಈ ಆಯ್ಕೆ ಮೊದಲ ನೋಟಕ್ಕೆ ಅನಿರೀಕ್ಷಿತವೆನಿಸಬಹುದು. ಕಲ್ಲಿಕೋಟೆಯ ಬರಹದ ಬದುಕು ಯಾವ ಯಾವ ಕಟ್ಟಡಗಳಲ್ಲಿ, ಯಾರ ಯಾರ ಖರ್ಚಿನಲ್ಲಿ ನಡೆದುಬಂತೆಂಬುದನ್ನು ಹಿಂಬಾಲಿಸಿ ನೋಡಿದರೆ ಆ ಅನಿರೀಕ್ಷಿತತೆ ಬಹುಮಟ್ಟಿಗೆ ಕರಗುತ್ತದೆ.

ಈ ಊರಿಗೆ ಹೆಸರು ತಂದ ಲೇಖಕರ ಪಟ್ಟಿಯಲ್ಲಿ ಒಂದು ವಿಶೇಷವಿದೆ. ವೈಕಂ ಮುಹಮ್ಮದ್ ಬಷೀರ್ ಹುಟ್ಟಿದ್ದು ತಿರುವಿದಾಂಕೂರಿನ ತಲಯೋಲಪ್ಪರಂಬಿನಲ್ಲಿ, ಎಂ.ಟಿ. ವಾಸುದೇವನ್ ನಾಯರ್ ಭಾರತಪ್ಪುಳ ನದಿಯ ದಂಡೆಯ ಕೂಡಲ್ಲೂರಿನವರು. ಉರೂಬ್ ಎಂಬ ಕಾವ್ಯನಾಮದ ಪಿ.ಸಿ. ಕುಟ್ಟಿಕೃಷ್ಣನ್ ಪೊನ್ನಾನಿಯ ಕಡೆಯವರು, ಯು.ಎ. ಖಾದರ್ ಹುಟ್ಟಿದ್ದಂತೂ ಬರ್ಮಾದಲ್ಲಿ. ಎಸ್.ಕೆ. ಪೊಟ್ಟೆಕ್ಕಾಟ್‌ರಂಥ ಕೆಲವರನ್ನು ಬಿಟ್ಟರೆ ಇಲ್ಲಿನ ಹಿರಿಯರಲ್ಲಿ ಅನೇಕರು ಹೊರಗಿನಿಂದ ಬಂದು ನೆಲಸಿದವರು, ಅದರಲ್ಲೂ ಕೆಲಸ ಸಿಕ್ಕಿತೆಂಬ ಕಾರಣಕ್ಕೆ ಬಂದವರು. ಲೇಖಕರನ್ನು ಹೆರುವುದು ಯಾವ ಊರಿನ ಕೈಯಲ್ಲೂ ಇಲ್ಲ, ಆದರೆ ಬಂದವರಿಗೆ ತಿಂಗಳ ಸಂಬಳ, ಒಂದು ಮೇಜು, ಹಸ್ತಪ್ರತಿಯನ್ನು ಮೊದಲು ಓದುವ ಒಬ್ಬ ಗೆಳೆಯ ಮತ್ತು ಅಚ್ಚಾದದ್ದನ್ನು ಓದಿ ಜಗಳವಾಡುವ ನೂರು ಮಂದಿ, ಇಷ್ಟನ್ನು ಒದಗಿಸುವುದು ಊರಿನ ಕೈಯಲ್ಲಿದೆ. ಕಲ್ಲಿಕೋಟೆಯ ಹಿರಿಮೆ ಇರುವುದು ಈ ಒದಗಿಸುವಿಕೆಯಲ್ಲಿ.

ಬಿರುದಿನ ಸ್ವರೂಪವನ್ನು ಮೊದಲು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ವಿಶ್ವ ಪರಂಪರೆಯ ತಾಣಗಳೊಂದಿಗೆ ಇದನ್ನು ಗೊಂದಲ ಮಾಡಿಕೊಳ್ಳುವುದುಂಟು. ಪರಂಪರೆಯ ಪಟ್ಟಿ ಸ್ಮಾರಕಗಳ ರಕ್ಷಣೆಗೆ ಸಂಬಂಧಿಸಿದ್ದಾದರೆ, 2004ರಲ್ಲಿ ಆರಂಭವಾದ ಸೃಜನಶೀಲ ನಗರಗಳ ಜಾಲವು ಊರಿನ ಬೆಳವಣಿಗೆಗೆ ಕಲೆಯನ್ನು ಬಂಡವಾಳವಾಗಿ ಬಳಸುವುದಾಗಿ ಒಪ್ಪಿಕೊಂಡ ನಗರಾಡಳಿತಗಳ ಕೂಟ. ಕಲ್ಲಿಕೋಟೆ ಸೇರಿದಾಗ ಇದರಲ್ಲಿ ಕರಕುಶಲ ಮತ್ತು ಜನಪದ ಕಲೆ, ವಿನ್ಯಾಸ, ಚಲನಚಿತ್ರ, ಪಾಕಕಲೆ, ಸಾಹಿತ್ಯ, ಮಾಧ್ಯಮ ಕಲೆ, ಸಂಗೀತ ಎಂಬ ಏಳು ವಿಭಾಗಗಳಿದ್ದವು. ಭಾರತದಿಂದ ಅದಾಗಲೇ ಜೈಪುರ ಕರಕುಶಲಕ್ಕೂ ವಾರಾಣಸಿ ಮತ್ತು ಚೆನ್ನೈ ಸಂಗೀತಕ್ಕೂ ಮುಂಬೈ ಚಲನಚಿತ್ರಕ್ಕೂ ಹೈದರಾಬಾದ್ ಪಾಕಕಲೆಗೂ ಆಯ್ಕೆಯಾಗಿದ್ದವು. ಸಾಹಿತ್ಯ ವಿಭಾಗದ ಮೊದಲ ನಗರ ಸ್ಕಾಟ್ಲೆಂಡಿನ ಎಡಿನ್‌ಬರೊ. ಜಾಲ ಹುಟ್ಟಿದ ವರ್ಷವೇ ಸೇರಿದ ಆ ಊರಿನಲ್ಲಿ ಕಾದಂಬರಿಕಾರ ವಾಲ್ಟರ್ ಸ್ಕಾಟನಿಗೆ ಕಟ್ಟಿದ ಗಗನಚುಂಬಿ ಸ್ಮಾರಕವಿದೆ, ಬ್ರಿಟಾನಿಕ ವಿಶ್ವಕೋಶ ಮೊದಲು ಹೊರಬಿದ್ದುದೂ ಅಲ್ಲಿಂದಲೇ. ಅನಂತರ ಮೆಲ್ಬರ್ನ್, ಅಯೋವಾ ಸಿಟಿ, ಡಬ್ಲಿನ್, ರೇಕ್ಯವಿಕ್, ಪ್ರಾಗ್, ಬಾಗ್ದಾದ್, ಲಾಹೋರ್ ಮೊದಲಾದವು ಸೇರಿದವು. ಬಿರುದಿನ ಜೊತೆಗೆ ಹಣ ಬರುವುದಿಲ್ಲ. ನಗರವೇ ಅರ್ಜಿ ಸಲ್ಲಿಸಬೇಕು, ತನ್ನಲ್ಲಿ ಇರುವುದನ್ನು ಎಣಿಸಿ ತೋರಿಸಬೇಕು, ಮುಂದೆ ಮಾಡಲಿರುವುದನ್ನು ಬರೆದುಕೊಡಬೇಕು, ನಾಲ್ಕು ವರ್ಷಕ್ಕೊಮ್ಮೆ ವರದಿ ಒಪ್ಪಿಸಬೇಕು. ಮೇಯರ್ ಬೀನಾ ಫಿಲಿಪ್ ಅವರ ಅವಧಿಯಲ್ಲಿ ಕಲ್ಲಿಕೋಟೆಯ ನಗರಪಾಲಿಕೆ ಈ ಅರ್ಜಿಯನ್ನು ಕಳುಹಿಸಿತು. ಕೇರಳದ ಸ್ಥಳೀಯ ಆಡಳಿತ ತರಬೇತಿ ಸಂಸ್ಥೆಯಾದ ‘ಕಿಲ’ ಅದಕ್ಕೆ ನೆರವಾಯಿತು. ಐನೂರಕ್ಕೂ ಹೆಚ್ಚು ಗ್ರಂಥಾಲಯಗಳು ಮತ್ತು ಎಪ್ಪತ್ತಕ್ಕೂ ಹೆಚ್ಚು ಪ್ರಕಾಶನಗಳು ಎಂಬುದು ಆಗ ಎಲ್ಲರ ಬಾಯಲ್ಲಿ ಓಡಾಡಿದ ಲೆಕ್ಕ. ಒಂದು ಪಾಲಿಕೆ ರಸ್ತೆ ಮತ್ತು ಚರಂಡಿಗಳ ಜೊತೆಗೆ ಓದುವ ಕೋಣೆಗಳನ್ನೂ ತನ್ನ ಆಸ್ತಿಯೆಂದು ಲೆಕ್ಕಕ್ಕೆ ತೆಗೆದುಕೊಂಡದ್ದೇ ಈ ಅರ್ಜಿಯಲ್ಲಿನ ಹೊಸತನ.

ಬರೆಯುವವರಿಗೆ ಹಣ ಕೊಡುವ ರೂಢಿ ಈ ಊರಿನಲ್ಲಿ ಅಚ್ಚಿನ ಯಂತ್ರಕ್ಕಿಂತ ಹಳೆಯದು. ಕಲ್ಲಿಕೋಟೆಯನ್ನು ಆಳಿದ ಸಾಮೂದಿರಿ ಅರಸರು, ಅಂದರೆ ಯುರೋಪಿನವರು ಝಾಮೋರಿನ್ ಎಂದು ಕರೆದವರು, ತಳಿ ಶಿವಾಲಯದಲ್ಲಿ ಪ್ರತಿವರ್ಷ ತುಲಾ ಮಾಸದ ರೇವತಿ ನಕ್ಷತ್ರದಿಂದ ಏಳು ದಿನಗಳ ವಿದ್ವತ್ ಸಭೆಯನ್ನು ನಡೆಸುತ್ತಿದ್ದರು. ರೇವತಿ ಪಟ್ಟತ್ತಾನಂ ಎಂಬುದು ಅದರ ಹೆಸರು. ಪಟ್ಟತ್ತಾನವೆಂದರೆ ಭಟ್ಟದಾನ, ಭಟ್ಟನೆಂಬ ಬಿರುದನ್ನು ಕೊಡುವುದು. ಮೀಮಾಂಸೆ, ವೇದಾಂತ, ವ್ಯಾಕರಣಗಳಲ್ಲಿ ವಾದ ನಡೆದು ಗೆದ್ದವನಿಗೆ ಬಿರುದಿನ ಜೊತೆಗೆ ಹಣದ ಗಂಟು ಸಿಗುತ್ತಿತ್ತು. ಹದಿನೈದನೆಯ ಶತಮಾನದ ಮಾನವಿಕ್ರಮನ ಆಸ್ಥಾನದಲ್ಲಿ ಹದಿನೆಂಟೂವರೆ ಕವಿಗಳಿದ್ದರೆಂಬುದು ಕೇರಳದಲ್ಲೆಲ್ಲ ಪ್ರಸಿದ್ಧವಾದ ಮಾತು, ಮತ್ತು ಆ ಅರೆಕವಿಯ ಕತೆ ಇಡೀ ಪಟ್ಟಿಗಿಂತ ಹೆಚ್ಚು ಅರ್ಥಪೂರ್ಣವಾದುದು. ಹದಿನೆಂಟು ಮಂದಿ ಸಂಸ್ಕೃತದಲ್ಲಿ ಬರೆದವರಾದರೆ, ಪುನಂ ನಂಬೂದಿರಿ ನಾಡಭಾಷೆಯಲ್ಲಿ, ಅಂದರೆ ಮಲಯಾಳದ ಮಾಣಿಕ್ಯವನ್ನೂ ಸಂಸ್ಕೃತದ ಹವಳವನ್ನೂ ಒಂದೇ ದಾರದಲ್ಲಿ ಪೋಣಿಸಿದಂತಿದ್ದ ಮಣಿಪ್ರವಾಳ ಶೈಲಿಯಲ್ಲಿ ಬರೆದವನು. ಆ ಕಾರಣಕ್ಕೇ ಅವನಿಗೆ ಅರ್ಧ ಸ್ಥಾನ. ತಮಿಳುನಾಡಿನ ಕಡೆಯಿಂದ ಬಂದು ಸಭೆಯಲ್ಲಿ ಎಲ್ಲರನ್ನೂ ಸೋಲಿಸುತ್ತಿದ್ದ, ದೇಶಭಾಷೆಯ ಕವಿಗಳನ್ನು ಕೀಳಾಗಿ ಕಾಣುತ್ತಿದ್ದ ಉದ್ದಂಡ ಶಾಸ್ತ್ರಿಯೇ ಕೊನೆಗೆ ಪುನಂ ನಂಬೂದಿರಿಯ ಒಂದು ಪದ್ಯಕ್ಕೆ ಮಾರುಹೋಗಿ ತನ್ನ ರೇಷ್ಮೆಯ ವಸ್ತ್ರವನ್ನು ತೆಗೆದುಕೊಟ್ಟನೆಂದು ಐತಿಹ್ಯ ಹೇಳುತ್ತದೆ. ಇಂದು ಕಲ್ಲಿಕೋಟೆಯ ಹೆಸರು ಜಗತ್ತಿಗೆ ಮುಟ್ಟಿರುವುದು ಆ ಅರೆಕವಿಯ ಭಾಷೆಯಿಂದಲೇ ಎಂಬುದನ್ನು ಉದ್ದಂಡ ಶಾಸ್ತ್ರಿ ಕಂಡಿದ್ದರೆ ಏನೆನ್ನುತ್ತಿದ್ದನೋ.

ಅರಮನೆಯಿಂದ ಸ್ವಲ್ಪ ದೂರದ ಕುಟ್ಟಿಚ್ಚಿರದಲ್ಲಿ, ಅರಬ್ ವ್ಯಾಪಾರಿಗಳ ಸಂಪರ್ಕದಿಂದ ಬೆಳೆದ ಮಾಪಿಳ್ಳೆ ಮುಸ್ಲಿಮರ ನಡುವೆ, ಬೇರೊಂದು ಬರಹದ ಪರಂಪರೆ ಇತ್ತು. ಅರಬಿ ಲಿಪಿಯಲ್ಲಿ ಬರೆದ ಮಲಯಾಳಕ್ಕೆ ಅರಬಿ-ಮಲಯಾಳವೆಂದು ಹೆಸರು. ಈ ರೂಪದಲ್ಲಿ ಕಾಲ ನಿಶ್ಚಿತವಾಗಿ ತಿಳಿದಿರುವ ಅತ್ಯಂತ ಹಳೆಯ ಕಾವ್ಯವೆಂದು ಎಣಿಸಲಾಗುವ ಮುಹಿಯುದ್ದೀನ್ ಮಾಲೆಯನ್ನು ಕಲ್ಲಿಕೋಟೆಯ ಖಾಜಿ ಮುಹಮ್ಮದ್ 1607ರಲ್ಲಿ ಬರೆದನು. ಸೂಫಿ ಸಂತ ಅಬ್ದುಲ್ ಖಾದಿರ್ ಜೀಲಾನಿಯನ್ನು ಕೊಂಡಾಡುವ ಈ ಮಾಲೆ ತಲೆಮಾರುಗಳ ಕಾಲ ಮಾಪಿಳ್ಳೆ ಮನೆಗಳಲ್ಲಿ ಸಂಜೆಯ ಪಾರಾಯಣವಾಗಿತ್ತು. ಅದೇ ಖಾಜಿ ಅರಬಿ ಭಾಷೆಯಲ್ಲಿ ಬರೆದ ಫತ್ಹುಲ್ ಮುಬೀನ್ ಎಂಬ ಕಾವ್ಯದ ವಸ್ತು 1571ರಲ್ಲಿ ಸಾಮೂದಿರಿಯ ಸೇನೆ ಚಾಲಿಯಂ ಕೋಟೆಯನ್ನು ಪೋರ್ಚುಗೀಸರಿಂದ ಕಿತ್ತುಕೊಂಡ ಘಟನೆ. ಒಬ್ಬ ಮುಸ್ಲಿಂ ಧರ್ಮಪಂಡಿತ ಹಿಂದೂ ಅರಸನ ಗೆಲುವನ್ನು ಅರಬಿಯಲ್ಲಿ ಹಾಡಿ ಕಡಲಾಚೆಗೂ ಕೇಳಿಸಲು ಹೊರಟಿದ್ದನು. 1654ರ ಸುಮಾರಿಗೆ ಸಾಮೂದಿರಿ ಮನೆತನದ ಮಾನವೇದನು ಕೃಷ್ಣನ ಕತೆಯನ್ನು ಎಂಟು ರಾತ್ರಿಗಳ ನಾಟ್ಯವಾಗಿ ರೂಪಿಸಿದ ಕೃಷ್ಣನಾಟ್ಟವು ಇಂದಿಗೂ ಗುರುವಾಯೂರಿನಲ್ಲಿ ಆಡಲ್ಪಡುತ್ತದೆ.

ಈ ಆಸ್ಥಾನದ ಕತೆ ಮುಗಿಯುವಲ್ಲಿ ಕರ್ನಾಟಕದ ಕೈಯಿದೆ. 1766ರಲ್ಲಿ ಮೈಸೂರಿನ ಹೈದರಾಲಿಯ ಸೇನೆ ಕಲ್ಲಿಕೋಟೆಯನ್ನು ಮುತ್ತಿದಾಗ ಸಾಮೂದಿರಿಯು ತನ್ನ ಅರಮನೆಗೆ ಬೆಂಕಿಯಿಟ್ಟು ಅದರಲ್ಲೇ ಪ್ರಾಣ ಬಿಟ್ಟನು. ಅರಮನೆಯ ಆವರಣದಲ್ಲಿದ್ದ ಕೆರೆ ಮಾತ್ರ ಉಳಿಯಿತು. ಮಾನಾಂಚಿರ ಎಂದು ಕರೆಯುವ ಆ ಕೆರೆ ಮತ್ತು ಅದರ ಸುತ್ತಲಿನ ಮೈದಾನವೇ ಈಗ ಊರಿನ ನಡುಮನೆಯಂತಿದೆ, ಸಾರ್ವಜನಿಕ ಗ್ರಂಥಾಲಯವೂ ಮಿಠಾಯಿ ಬೀದಿಯೂ ಅದರ ಬದಿಯಲ್ಲೇ ಇವೆ. ಪೋಷಕನೇ ಇಲ್ಲದ ಮೇಲೆ ಪಂಡಿತರು ಚದುರಿದರು. ಮುಂದೆ ಸುಮಾರು ಒಂದು ಶತಮಾನದ ಕಾಲ ಬರೆಯುವವರಿಗೆ ಹಣ ಕೊಡುವ ಹೊಸ ಯಜಮಾನ ಹುಟ್ಟಲಿಲ್ಲ.

ಹುಟ್ಟಿದಾಗ ಅವನು ಅರಸನಾಗಿರಲಿಲ್ಲ, ಓದುಗನಾಗಿದ್ದನು. ಅವನನ್ನು ಹುಟ್ಟಿಸಿದ್ದು ಅಚ್ಚುಕೂಟ, ಮತ್ತು ಈ ಅಧ್ಯಾಯದಲ್ಲಿ ಕಲ್ಲಿಕೋಟೆ ಮತ್ತು ಮಂಗಳೂರುಗಳ ಚರಿತ್ರೆಯನ್ನು ಬೇರ್ಪಡಿಸುವುದು ಕಷ್ಟ. ಕರಾವಳಿಯ ಈ ಎರಡೂ ಊರುಗಳು ಅಂದು ಮದ್ರಾಸು ಪ್ರಾಂತದಲ್ಲಿದ್ದವು, ಎರಡೂ ಕಡೆ ಬಾಸೆಲ್ ಮಿಷನ್ ಹೆಂಚು, ನೇಯ್ಗೆ ಮತ್ತು ಪಾಠಶಾಲೆಗಳ ಸಂಸಾರ ಹೂಡಿತ್ತು. 1843ರಲ್ಲಿ ಹರ್ಮನ್ ಮೋಗ್ಲಿಂಗ್ ಕನ್ನಡದ ಮೊದಲ ಪತ್ರಿಕೆಯಾದ ಮಂಗಳೂರ ಸಮಾಚಾರವನ್ನು ಕಲ್ಲಚ್ಚಿನಲ್ಲಿ ತಂದ ನಾಲ್ಕು ವರ್ಷಗಳಿಗೆ, ಅದೇ ಮಿಷನ್ನಿನ ಹರ್ಮನ್ ಗುಂಡರ್ಟ್ ಕಲ್ಲಿಕೋಟೆಯ ಉತ್ತರಕ್ಕಿರುವ ತಲಶ್ಶೇರಿಯಿಂದ ಮಲಯಾಳದ ಮೊದಲ ಪತ್ರಿಕೆ ರಾಜ್ಯಸಮಾಚಾರವನ್ನು ಹೊರಡಿಸಿದನು. ಗುಂಡರ್ಟನ ಮಲಯಾಳ ನಿಘಂಟು 1872ರಲ್ಲಿ ಅಚ್ಚಾದದ್ದು ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಲ್ಲಿ; ಕಿಟೆಲನ ಕನ್ನಡ ನಿಘಂಟು ಇಪ್ಪತ್ತೆರಡು ವರ್ಷಗಳ ಅನಂತರ ಹೊರಬಂದದ್ದೂ ಅಲ್ಲಿಂದಲೇ.

ಕಾದಂಬರಿಯ ವಿಷಯದಲ್ಲಿ ಈ ನೆರೆತನ ಇನ್ನೂ ನಿಚ್ಚಳವಾಗಿ ಕಾಣುತ್ತದೆ. ಕಲ್ಲಿಕೋಟೆಯಲ್ಲಿ ಉಪಾಧ್ಯಾಯರಾಗಿದ್ದ ಅಪ್ಪು ನೆಡುಂಗಾಡಿಯವರು 1887ರಲ್ಲಿ ಕುಂದಲತ ಎಂಬ ಕೃತಿಯನ್ನು ಪ್ರಕಟಿಸಿದರು. ಕಾಲದ ದೃಷ್ಟಿಯಿಂದ ಮಲಯಾಳದ ಮೊದಲ ಕಾದಂಬರಿಯೆಂಬ ಮಾನ ಅದಕ್ಕಿದೆ. ಅದೇ ನೆಡುಂಗಾಡಿಯವರು 1899ರಲ್ಲಿ ತಮ್ಮ ಹೆಸರಿನ ಬ್ಯಾಂಕನ್ನೂ ಇದೇ ಊರಿನಲ್ಲಿ ತೆರೆದರೆಂಬುದು, ಸಾಹಿತ್ಯಕ್ಕೂ ಲೆಕ್ಕದ ಪುಸ್ತಕಕ್ಕೂ ಹೊಂದಿಕೆಯಾಗದೆಂದು ನಂಬುವವರು ಗಮನಿಸತಕ್ಕ ಸಂಗತಿ. ಕಲ್ಲಿಕೋಟೆಗೆ ದಕ್ಷಿಣದ ಪರಪ್ಪನಂಗಾಡಿಯಲ್ಲಿ ಮುನಸೀಫರಾಗಿದ್ದ ಓ. ಚಂದುಮೇನೋನರ ಇಂದುಲೇಖ 1889ರಲ್ಲಿ ಬಂತು. ಇಂಗ್ಲಿಷು ಕಲಿತ ನಾಯರ್ ಹುಡುಗಿಯೊಬ್ಬಳು ಹಣವಂತ ನಂಬೂದಿರಿಯೊಬ್ಬನ ಸಂಬಂಧವನ್ನು ತಿರಸ್ಕರಿಸಿ ತನಗೆ ಬೇಕಾದವನನ್ನು ವರಿಸುವ ಆ ಕತೆ ಮಲಯಾಳ ಕಾದಂಬರಿಯ ನಿಜವಾದ ಆರಂಭವೆಂದು ವಿಮರ್ಶಕರು ಒಪ್ಪುತ್ತಾರೆ. ಸರಿಯಾಗಿ ಹತ್ತು ವರ್ಷಗಳ ಮೇಲೆ, ಅದೇ ಕರಾವಳಿಯ ಮಂಗಳೂರಿನಲ್ಲಿ, ಪೊಲೀಸ್ ಅಧಿಕಾರಿಯಾಗಿದ್ದ ಗುಲ್ವಾಡಿ ವೆಂಕಟರಾಯರು ಕನ್ನಡದ ಮೊದಲ ಸಾಮಾಜಿಕ ಕಾದಂಬರಿಯಾದ ಇಂದಿರಾಬಾಯಿಯನ್ನು ಬಾಸೆಲ್ ಮಿಷನ್ ಮುದ್ರಣಾಲಯದಿಂದ ಹೊರತಂದರು. ಇಬ್ಬರು ಸರ್ಕಾರಿ ನೌಕರರು ಬರೆದ ಈ ಎರಡು ಕೃತಿಗಳ ಕೇಂದ್ರದಲ್ಲೂ ಇರುವ ಪ್ರಶ್ನೆ ಒಂದೇ, ಓದಿದ ಹೆಣ್ಣು ತನ್ನ ಮದುವೆಯನ್ನು ತಾನೇ ನಿರ್ಧರಿಸಬಹುದೇ ಎಂಬುದು. ಎರಡು ಭಾಷೆಗಳ ಚರಿತ್ರೆಯನ್ನು ಪ್ರತ್ಯೇಕ ಗೂಡುಗಳಲ್ಲಿಟ್ಟು ಪಾಠ ಹೇಳುವ ಪದ್ಧತಿಯಿಂದಾಗಿ ಈ ಸಾಲುಮನೆಯ ಸಂಬಂಧ ಎರಡೂ ಕಡೆಯ ವಿದ್ಯಾರ್ಥಿಗಳ ಕಣ್ಣಿಗೆ ಬೀಳದೆ ಹೋಗಿದೆ.

ಇಪ್ಪತ್ತನೆಯ ಶತಮಾನದಲ್ಲಿ ಕಲ್ಲಿಕೋಟೆ ಪತ್ರಿಕೆಗಳ ಊರಾಯಿತು. ಈಳವ ಮತ್ತು ತೀಯ ಸಮುದಾಯಗಳ ಏಳಿಗೆಗಾಗಿ ಸಿ. ಕೃಷ್ಣನ್ ನಡೆಸಿದ ಮಿತವಾದಿ, ಕಾಂಗ್ರೆಸ್ಸಿನ ಸ್ವಾತಂತ್ರ್ಯ ಹೋರಾಟದ ದನಿಯಾಗಿ ಕೆ.ಪಿ. ಕೇಶವ ಮೇನೋನರ ಸಂಪಾದಕತ್ವದಲ್ಲಿ 1923ರ ಮಾರ್ಚ್ 18ರಂದು ಹುಟ್ಟಿದ ಮಾತೃಭೂಮಿ, ಮುಹಮ್ಮದ್ ಅಬ್ದುರಹ್ಮಾನ್ ಸಾಹಿಬರ ಅಲ್ ಅಮೀನ್, ಕಮ್ಯುನಿಸ್ಟರ ದೇಶಾಭಿಮಾನಿ, ತಲಶ್ಶೇರಿಯಿಂದ ಬಂದು ಸೇರಿದ ಮುಸ್ಲಿಂ ಲೀಗಿನ ಚಂದ್ರಿಕ, ಇನ್ನೂ ಈಚೆಗೆ 1987ರಲ್ಲಿ ಆರಂಭವಾದ ಮಾಧ್ಯಮಂ, ಹೀಗೆ ಒಂದೊಂದು ನಂಬಿಕೆಯೂ ಇಲ್ಲಿ ತನ್ನದೇ ಅಚ್ಚುಕೂಟವನ್ನಿಟ್ಟುಕೊಂಡಿತ್ತು. ಪತ್ರಿಕೆಗಳು ಪರಸ್ಪರ ಜಗಳವಾಡಿದಷ್ಟೂ ಬರೆಯುವವರಿಗೆ ಕೆಲಸ ಹೆಚ್ಚಾಯಿತು, ಏಕೆಂದರೆ ಸುದ್ದಿಯ ಜೊತೆಗೆ ಕತೆ, ಕವಿತೆ, ಧಾರಾವಾಹಿಗಳನ್ನು ಕೊಡದಿದ್ದರೆ ಓದುಗರು ಉಳಿಯುತ್ತಿರಲಿಲ್ಲ.

ಇವುಗಳಲ್ಲಿ ಮಾತೃಭೂಮಿ 1932ರಲ್ಲಿ ಆರಂಭಿಸಿದ ವಾರಪತ್ರಿಕೆಗೆ ಸಮನಾದದ್ದು ಕನ್ನಡದಲ್ಲಿ ಯಾವುದೆಂದು ಒಂದೇ ಹೆಸರು ಹೇಳುವುದು ಸುಲಭವಲ್ಲ. ಸುಧಾದಂಥ ವಾರಪತ್ರಿಕೆಯ ಜನಪ್ರಿಯತೆ ಮತ್ತು ಸಾಕ್ಷಿಯಂಥ ಕಿರುಪತ್ರಿಕೆಯ ಗಾಂಭೀರ್ಯ ಒಂದೇ ರಕ್ಷಾಪುಟದೊಳಗೆ ದಶಕಗಟ್ಟಲೆ ಬಾಳಿದ್ದರೆ ಹೇಗಿರುತ್ತಿತ್ತೆಂದು ಊಹಿಸಿಕೊಂಡರೆ ಅದರ ಸ್ಥಾನ ತಿಳಿಯುತ್ತದೆ. ಕವಿಯೂ ವಿದ್ವಾಂಸನೂ ಆಗಿದ್ದ ಎನ್.ವಿ. ಕೃಷ್ಣವಾರಿಯರ್ ಅದನ್ನು ನಡೆಸುತ್ತಿದ್ದ ಕಾಲದಲ್ಲಿ, 1957ರಲ್ಲಿ, ಇಪ್ಪತ್ತನಾಲ್ಕರ ಹರೆಯದ ಎಂ.ಟಿ. ವಾಸುದೇವನ್ ನಾಯರ್ ಉಪಸಂಪಾದಕರಾಗಿ ಸೇರಿದರು. ಮರುವರ್ಷವೇ ಅವರ ನಾಲುಕೆಟ್ಟು ಕಾದಂಬರಿ ಬಂತು, 1968ರಲ್ಲಿ ಅವರೇ ಸಂಪಾದಕರಾದರು. ಓ.ವಿ. ವಿಜಯನ್ ಅವರ ಖಸಾಕ್ಕಿಂಡೆ ಇತಿಹಾಸಂ, ಅಂದರೆ ಖಸಾಕಿನ ಇತಿಹಾಸ, ಪುಸ್ತಕವಾಗುವ ಮೊದಲು ಆ ವರ್ಷ ಇದೇ ವಾರಪತ್ರಿಕೆಯಲ್ಲಿ ಧಾರಾವಾಹಿಯಾಗಿ ಹರಿದು ಮಲಯಾಳ ಗದ್ಯದ ನಡೆಯನ್ನೇ ಬದಲಿಸಿತು. ಚಲನಚಿತ್ರಕಾರನಾಗುವುದಕ್ಕೆ ಮೊದಲು ಜಿ. ಅರವಿಂದನ್ ಒಬ್ಬ ಬಡ ಪದವೀಧರನ ಬದುಕನ್ನು ವಾರ ವಾರವೂ ವ್ಯಂಗ್ಯಚಿತ್ರವಾಗಿ ಬಿಡಿಸಿದ್ದು ಇದರ ಪುಟಗಳಲ್ಲೇ. ಇಷ್ಟೇ ಮುಖ್ಯವಾದ, ಆದರೆ ಅಷ್ಟಾಗಿ ಹೊರಗೆ ತಿಳಿಯದ ಇನ್ನೊಂದು ಕೆಲಸವೂ ನಡೆಯುತ್ತಿತ್ತು: ಊರಿನ ಶ್ರೀರಾಮಕೃಷ್ಣ ಮಿಷನ್ ಶಾಲೆಯಲ್ಲಿ ಮೇಷ್ಟರಾಗಿದ್ದ, ಎರಡು ಸಾಲಿನ ಕವಿತೆಗಳಿಗೆ ಹೆಸರಾದ ಕುಂಞುಣ್ಣಿ, ಕುಟ್ಟೇಟ್ಟನ್ ಎಂಬ ಹೆಸರಿನಲ್ಲಿ ಪತ್ರಿಕೆಯ ಮಕ್ಕಳ ಪುಟವನ್ನು ನೋಡಿಕೊಳ್ಳುತ್ತ, ಹಳ್ಳಿಗಳಿಂದ ಬರುತ್ತಿದ್ದ ಎಳೆಯರ ಬರಹಗಳನ್ನು ತಿದ್ದುತ್ತಿದ್ದರು. ಕುಟ್ಟೇಟ್ಟನೆಂದರೆ ಕುಟ್ಟಿಯಣ್ಣ. ಮುಂದೆ ದೊಡ್ಡ ಹೆಸರು ಮಾಡಿದ ಅನೇಕರ ಬರಹದ ಮೊದಲ ಓದುಗ ಈ ಅಣ್ಣನೇ.

ಎರಡನೆಯ ಯಜಮಾನ ಆಕಾಶವಾಣಿ. ಧಾರವಾಡದ ಬಾನುಲಿ ಕೇಂದ್ರ 1950ರ ಜನವರಿಯಲ್ಲಿ ಆರಂಭವಾದರೆ ಕಲ್ಲಿಕೋಟೆಯದು ಅದೇ ವರ್ಷದ ಮೇ 14ರಂದು ಆರಂಭವಾಯಿತು. ಹೊಸ ಗಣರಾಜ್ಯ ಪ್ರಾಂತಭಾಷೆಗಳಿಗೆ ದನಿ ಕೊಡಲು ತೆರೆದ ಈ ಕೇಂದ್ರಗಳಲ್ಲಿ ಮಾತನ್ನು ಬಲ್ಲವರು ಬೇಕಾಗಿದ್ದರು, ಮಾತನ್ನು ಬಲ್ಲವರೆಂದರೆ ಆ ಕಾಲಕ್ಕೆ ಸಾಹಿತಿಗಳೇ ಆಗಿದ್ದರು. ಧಾರವಾಡ ಬೇಂದ್ರೆಯವರನ್ನು ಸಲಹೆಗಾರರನ್ನಾಗಿ ಪಡೆಯಿತು. ಕಲ್ಲಿಕೋಟೆಯ ಕೇಂದ್ರದಲ್ಲಿ ಉರೂಬ್, ನಾಟಕಕಾರ ತಿಕ್ಕೋಡಿಯನ್, ಕವಿಗಳಾದ ಅಕ್ಕಿತ್ತಂ ಮತ್ತು ಎನ್.ಎನ್. ಕಕ್ಕಾಡ್, ಸಂಗೀತ ಸಂಯೋಜಕ ಕೆ. ರಾಘವನ್ ಇವರೆಲ್ಲ ಒಂದೇ ಸೂರಿನಡಿ ವರ್ಷಗಟ್ಟಲೆ ದುಡಿದರು. ರೈತರ ಕಾರ್ಯಕ್ರಮಕ್ಕೆ ಸಂಭಾಷಣೆ, ಓಣಂ ಹಬ್ಬಕ್ಕೆ ರೂಪಕ, ಭಾನುವಾರಕ್ಕೊಂದು ನಾಟಕ ಬರೆಯುವುದು ಅವರ ನೌಕರಿ. ಇಂಥ ದಿನಗೂಲಿಯ ಬರಹ ಪ್ರತಿಭೆಯನ್ನು ಸವೆಸುತ್ತದೆಂಬ ಆಕ್ಷೇಪ ಹಳೆಯದು, ಆದರೆ ಮಲಬಾರಿನ ಹಿಂದೂ, ಮುಸ್ಲಿಂ, ಕ್ರೈಸ್ತ ಜೀವನಗಳನ್ನು ಒಂದೇ ಹಂದರದಲ್ಲಿ ಹೆಣೆದ ಉರೂಬರ ಸುಂದರಿಗಳುಂ ಸುಂದರನ್ಮಾರುಂ ಎಂಬ ಮಹಾಕಾದಂಬರಿ 1958ರಲ್ಲಿ ಬಂದದ್ದು ಅವರು ಬಾನುಲಿಯ ನೌಕರರಾಗಿದ್ದಾಗಲೇ. ಅಂಚೆ ಇಲಾಖೆಯಲ್ಲಿದ್ದ ಕೆ.ಟಿ. ಮುಹಮ್ಮದ್ ಅವರ ನಾಟಕಗಳನ್ನೂ ಈ ಸಾಲಿಗೆ ಸೇರಿಸಬಹುದು. ಮಲಯಾಳಕ್ಕೆ ಇದುವರೆಗೆ ಸಂದ ಆರು ಜ್ಞಾನಪೀಠಗಳಲ್ಲಿ ಮೂರು, ಅಂದರೆ ಪೊಟ್ಟೆಕ್ಕಾಟ್, ಎಂ.ಟಿ. ಮತ್ತು ಅಕ್ಕಿತ್ತಂ ಅವರವು, ಈ ಊರಿನಲ್ಲಿ ಹುಟ್ಟಿದ ಇಲ್ಲವೇ ಇಲ್ಲಿ ಸಂಬಳ ಎಣಿಸಿದ ಲೇಖಕರಿಗೆ ಹೋದವು.

ಊರು ತನ್ನ ಲೇಖಕರಿಗೆ ಹೀಗೆ ಅನ್ನ ಕೊಟ್ಟರೆ, ಲೇಖಕರು ಊರನ್ನೇ ವಸ್ತುವಾಗಿಸಿಕೊಂಡರು. 1913ರಲ್ಲಿ ಇಲ್ಲಿಯೇ ಹುಟ್ಟಿ, ಗುಜರಾತಿ ಶಾಲೆಯಲ್ಲಿ ಪಾಠ ಹೇಳಿ, ಆಮೇಲೆ ಆಫ್ರಿಕ, ಯುರೋಪ್, ಪೂರ್ವ ಏಷ್ಯಗಳನ್ನೆಲ್ಲ ಸುತ್ತಿಬಂದ ಪೊಟ್ಟೆಕ್ಕಾಟರಿಗೆ ಕೊನೆಗೂ ಸಾಕೆನಿಸಿದ್ದು ಒಂದು ಬೀದಿ ಮತ್ತು ಒಂದು ಕೇರಿ. ಒರು ತೆರುವಿಂಡೆ ಕಥ, ಅಂದರೆ ಒಂದು ಬೀದಿಯ ಕತೆ, ಕಲ್ಲಿಕೋಟೆಯ ಹಲ್ವದಂಗಡಿಗಳಿಂದ ಹೆಸರು ಪಡೆದ ಮಿಠಾಯಿ ತೆರುವಿನ ಕತೆಯಾಗಿದ್ದು, ಅದರ ನಡುವಿನಲ್ಲಿರುವವನು ಅಬ್ಬರದ ತಲೆಬರಹಗಳನ್ನು ಕೂಗಿ ಪತ್ರಿಕೆ ಮಾರುವ ಕೃಷ್ಣಕ್ಕುರುಪ್ಪು; ಹಮಾಲರು, ಭಿಕ್ಷುಕರು, ಕಳ್ಳರು, ಸೂಳೆಯರು ಅವನ ಸುತ್ತಲಿನ ಸಂಸಾರ. ಒರು ದೇಶತ್ತಿಂಡೆ ಕಥ ಎಂಬ ಮುಂದಿನ ದೊಡ್ಡ ಕಾದಂಬರಿ ಅತಿರಾಣಿಪ್ಪಾಡವೆಂಬ ಹೆಸರಿನಡಿ ಅವರ ಬಾಲ್ಯದ ಪುದಿಯರ ಪ್ರದೇಶವನ್ನು ಚಿತ್ರಿಸಿ 1980ರ ಜ್ಞಾನಪೀಠವನ್ನು ತಂದಿತು. ಈಗ ವಾಹನಗಳಿಗೆ ಪ್ರವೇಶವಿಲ್ಲದ ಆ ಬೀದಿಯ ಬಾಯಲ್ಲಿ ಪೊಟ್ಟೆಕ್ಕಾಟರ ಪ್ರತಿಮೆಯಿದೆ, ಅವರ ಪಾತ್ರಗಳನ್ನು ಕೆತ್ತಿದ ಚಿತ್ರಗಳೂ ಇವೆ. ಪತ್ರಿಕೆ ಮಾರುವವನೊಬ್ಬ ಕಥಾನಾಯಕನಾಗುವುದು ಪತ್ರಿಕೆಯಿಂದ ಬದುಕುವ ಊರಿನಲ್ಲೇ ಸಾಧ್ಯ.

ಬಷೀರರ ಮತ್ತು ಕಲ್ಲಿಕೋಟೆಯ ಪರಿಚಯ ಆದದ್ದು ಸಾಹಿತ್ಯದ ಮೂಲಕವಲ್ಲ, ಜೈಲಿನ ಮೂಲಕ. 1930ರಲ್ಲಿ ಉಪ್ಪಿನ ಸತ್ಯಾಗ್ರಹಕ್ಕೆಂದು ಮನೆ ಬಿಟ್ಟು ಓಡಿಬಂದ ಹುಡುಗ ಇಲ್ಲಿ ಪೊಲೀಸರ ಪೆಟ್ಟು ತಿಂದು ಕಣ್ಣೂರಿನ ಸೆರೆಮನೆ ಸೇರಿದನು. ವರ್ಷಗಳ ಅಲೆದಾಟದ ಅನಂತರ 1960ರ ದಶಕದಲ್ಲಿ ಅವರು ಮರದ ಹಡಗು ಕಟ್ಟುವುದಕ್ಕೆ ಹೆಸರಾದ ಬೇಪೂರಿನಲ್ಲಿ ಮನೆ ಮಾಡಿ, ಬೇಪೂರಿನ ಸುಲ್ತಾನನೆಂದು ತಮಗೆ ತಾವೇ ಪಟ್ಟ ಕಟ್ಟಿಕೊಂಡು, ಅಂಗಳದ ಮ್ಯಾಂಗೋಸ್ಟೀನ್ ಮರದಡಿ ಆರಾಮಕುರ್ಚಿಯಲ್ಲಿ ಕುಳಿತು, ಬಂದವರಿಗೆಲ್ಲ ಸುಲೈಮಾನಿ ಅಂದರೆ ಹಾಲಿಲ್ಲದ ಚಹ ಕೊಡುತ್ತ 1994ರವರೆಗೆ ಬಾಳಿದರು. ಆ ಅಂಗಳ ಸುಲ್ತಾನನ ದರ್ಬಾರೇ ಆಗಿತ್ತು, ಪ್ರವೇಶಕ್ಕೆ ಪಾಂಡಿತ್ಯದ ಪರೀಕ್ಷೆ ಮಾತ್ರ ಇರಲಿಲ್ಲ. ಬೇಪೂರಿನ ಬಷೀರ್ ಸ್ಮಾರಕ ಸಂಕೀರ್ಣಕ್ಕೆ ಆಕಾಶಮಿಠಾಯಿ ಎಂದು ಹೆಸರಿಟ್ಟಿದ್ದಾರೆ; ಪ್ರೇಮಲೇಖನ ಎಂಬ ಅವರ ಕಿರುಕಾದಂಬರಿಯಲ್ಲಿ ಬೇರೆ ಬೇರೆ ಧರ್ಮದ ಪ್ರೇಮಿಗಳಿಬ್ಬರು ಮುಂದೆ ಹುಟ್ಟಲಿರುವ ಮಗುವಿಗೆ ಯಾವ ಧರ್ಮಕ್ಕೂ ಸೇರದ ಹೆಸರು ಬೇಕೆಂದು ಚೀಟಿ ಎತ್ತಿದಾಗ ಬಂದ ಹೆಸರದು.

ಬರೆಯುವವರ ಕತೆ ಇಷ್ಟಾದರೆ, ಓದುವವರ ಕತೆ ವಾಚನಾಲಯಗಳದು. ಮಲಯಾಳದಲ್ಲಿ ವಾಯನಶಾಲೆ ಎನ್ನುವ ಈ ಸಂಸ್ಥೆ, ಊರಿನ ಯುವಕರು ಹತ್ತು ಪತ್ರಿಕೆ ಮತ್ತು ಒಂದು ಕಪಾಟು ಪುಸ್ತಕವನ್ನಿಟ್ಟು ತೆರೆಯುತ್ತಿದ್ದ ಕೋಣೆ. ಸಂಜೆ ಒಬ್ಬನು ಪತ್ರಿಕೆಯನ್ನು ಗಟ್ಟಿಯಾಗಿ ಓದುವುದು, ಓದು ಬಾರದವರು ಸುತ್ತ ಕುಳಿತು ಕೇಳುವುದು, ಆಮೇಲೆ ಚರ್ಚೆ, ಇದು ಅಲ್ಲಿನ ಕ್ರಮವಾಗಿತ್ತು. ರಾಷ್ಟ್ರೀಯ ಹೋರಾಟ ಮತ್ತು ರೈತಚಳವಳಿಗಳೆರಡೂ ಈ ಕೋಣೆಗಳನ್ನು ಬಳಸಿಕೊಂಡವು. 1937ರಲ್ಲಿ ಮಲಬಾರಿನ ವಾಚನಾಲಯಗಳು ಒಂದು ಸಂಘವಾಗಿ ಕೂಡಿಕೊಂಡವು, ದಕ್ಷಿಣದಲ್ಲಿ ಪಿ.ಎನ್. ಪಣಿಕ್ಕರ್ 1945ರಲ್ಲಿ 47 ಗ್ರಂಥಾಲಯಗಳನ್ನು ಕಲೆಹಾಕಿ ತಿರುವಿದಾಂಕೂರು ಗ್ರಂಥಶಾಲಾ ಸಂಘವನ್ನು ಕಟ್ಟಿದರು, ಅವರು ತೀರಿಕೊಂಡ ಜೂನ್ 19 ಇಂದು ಓದಿನ ದಿನವಾಗಿ ಆಚರಿಸಲ್ಪಡುತ್ತದೆ.

ಇಲ್ಲಿ ಕರ್ನಾಟಕದೊಂದಿಗೆ ಹೋಲಿಕೆ ಅನಿವಾರ್ಯವಾಗುತ್ತದೆ, ಮತ್ತು ಅದು ಹಿತವಾದ ಹೋಲಿಕೆಯಲ್ಲ. ಕರ್ನಾಟಕ ತನ್ನ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯನ್ನು 1965ರಷ್ಟು ಹಿಂದೆಯೇ ಮಾಡಿತು, ಕೇರಳ ಮಾಡಿದ್ದು 1989ರಲ್ಲಿ. ಆಸ್ತಿ ತೆರಿಗೆಯ ಜೊತೆಗೆ ವಸೂಲಾಗುವ ಗ್ರಂಥಾಲಯ ಕರ ಕರ್ನಾಟಕದಲ್ಲಿ ಶೇಕಡ 6, ಕೇರಳದಲ್ಲಿ ಶೇಕಡ 5. ಕಾಗದದ ಮೇಲೆ ಕರ್ನಾಟಕವೇ ಮುಂದಿದೆ. ವ್ಯತ್ಯಾಸವಿರುವುದು ಒಡೆತನದಲ್ಲಿ. ಕರ್ನಾಟಕದ ಸಾರ್ವಜನಿಕ ಗ್ರಂಥಾಲಯ ಒಂದು ಸರ್ಕಾರಿ ಇಲಾಖೆಯ ಶಾಖೆ, ಅದರ ಬಾಗಿಲು ತೆಗೆಯುವುದೂ ಹಾಕುವುದೂ ನೌಕರನ ಕೆಲಸ. ಕೇರಳದ ವಾಯನಶಾಲೆ ಸದಸ್ಯರೇ ಚುನಾಯಿಸಿದ ಸಮಿತಿಯದು, ರಾಜ್ಯ ಗ್ರಂಥಶಾಲಾ ಪರಿಷತ್ತು ಅದರ ಕೆಲಸವನ್ನು ನೋಡಿ ದರ್ಜೆ ನಿಗದಿಮಾಡಿ ಅದಕ್ಕೆ ತಕ್ಕಂತೆ ಅನುದಾನ ಕೊಡುತ್ತದೆ, ಪರಿಷತ್ತಿನಲ್ಲೂ ಈ ಗ್ರಂಥಾಲಯಗಳ ಪ್ರತಿನಿಧಿಗಳೇ ಆರಿಸಿಬಂದು ಕೂರುತ್ತಾರೆ. ಪುಸ್ತಕ ಕಡಿಮೆಯಾದರೆ ಊರಿನವರು ಸಮಿತಿಯನ್ನು ಬೈಯುತ್ತಾರೆ, ಏಕೆಂದರೆ ಸಮಿತಿಯವರು ಅವರ ನೆರೆಯವರೇ. ರಾಜಕೀಯ ಪಕ್ಷಗಳು ಈ ಸಮಿತಿಗಳಲ್ಲಿ ಕೈಯಾಡಿಸುತ್ತವೆಂಬ ದೂರು ನಿಜವಾದದ್ದೇ ಆದರೂ, ಗ್ರಂಥಾಲಯದ ಸಮಿತಿಗೆ ಪೈಪೋಟಿ ನಡೆಯುತ್ತದೆಂದರೆ ಆ ಸ್ಥಾನಕ್ಕೆ ಬೆಲೆಯಿದೆ ಎಂದೇ ಅರ್ಥ.

ಪುಸ್ತಕ ವ್ಯಾಪಾರಕ್ಕೂ ಇದೇ ಬಗೆಯ ಬುಡವಿದೆ. ಎನ್.ಇ. ಬಾಲಕೃಷ್ಣ ಮಾರಾರ್ ಪತ್ರಿಕೆ ಹಂಚುತ್ತ, ಸೈಕಲ್ಲಿನ ಮೇಲೆ ಪುಸ್ತಕ ಹೇರಿಕೊಂಡು ಮನೆ ಮನೆಗೆ ಮಾರುತ್ತ ಆರಂಭಿಸಿ ಟೂರಿಂಗ್ ಬುಕ್ ಸ್ಟಾಲ್ ಎಂಬ ಅಂಗಡಿಯನ್ನೂ ಪೂರ್ಣ ಎಂಬ ಪ್ರಕಾಶನವನ್ನೂ ಕಟ್ಟಿದರು. ಬಿರುದು ಬರುವುದಕ್ಕೆ ಒಂದು ವರ್ಷ ಮೊದಲು, 2022ರಲ್ಲಿ, ಅವರು ತೀರಿಕೊಂಡರು. 2016ರಿಂದ ಕಡಲತೀರದ ಮರಳಿನ ಮೇಲೆ ಡಿ.ಸಿ. ಕಿಳಕ್ಕೇಮುರಿ ಪ್ರತಿಷ್ಠಾನ ನಡೆಸುವ ಕೇರಳ ಸಾಹಿತ್ಯೋತ್ಸವ ಹೊರಗಿನವರ ಕಣ್ಣಿಗೆ ಹೆಚ್ಚು ಬೀಳುವಂಥದು. ಜನಜಂಗುಳಿಯೂ ವಿದೇಶದ ಅತಿಥಿಗಳೂ ಕೂಡಿದ ಉತ್ಸವದಿಂದ ಅರ್ಜಿಗೆ ಕಳೆ ಬಂದಿರಬಹುದು, ಆದರೆ ಉತ್ಸವ ಈ ಕತೆಯಲ್ಲಿ ಕೊನೆಗೆ ಬಂದ ನೆಂಟನೇ ಹೊರತು ಮನೆಯವನಲ್ಲ.

ಬಿರುದಿನ ಬೆಳಕು ಬೀಳದ ಮೂಲೆಗಳೂ ಇವೆ. ಊರಿನ ಗೋಡೆಗಳ ಮೇಲೆ, ಸ್ಮಾರಕಗಳಲ್ಲಿ, ಭಾಷಣಗಳಲ್ಲಿ ಸಾಲಾಗಿ ಬರುವ ಹೆಸರುಗಳು ಬಹುಪಾಲು ಗಂಡಸರವು. ಪತ್ರಿಕಾ ಕಚೇರಿ, ಬಾನುಲಿ ಕೇಂದ್ರ, ಬೀದಿಯ ಚಹದಂಗಡಿ, ವಾಯನಶಾಲೆಯ ಸಂಜೆ, ಇವುಗಳಲ್ಲಿ ಯಾವುದೂ ಆ ಕಾಲದ ಹೆಂಗಸರಿಗೆ ಸಲೀಸಾಗಿ ತೆರೆದುಕೊಂಡ ಜಾಗವಾಗಿರಲಿಲ್ಲ. ಸಂಬಳ ಕೊಡುವ ಊರು ಅರ್ಧ ಊರಿಗೆ ಮಾತ್ರ ಕೊಟ್ಟಿತು. ಕಲ್ಲಿಕೋಟೆಯಲ್ಲೇ ಹುಟ್ಟಿ, ಶಾಲೆಯ ಉಪಾಧ್ಯಾಯಿನಿಯಾಗಿ ದುಡಿದು, ಕೊಡಗಿನ ಗಡಿಗೆ ತಾಗಿದ ತಿರುನೆಲ್ಲಿಯ ಅಡಿಯ ಬುಡಕಟ್ಟಿನ ಜೀತದ ಬದುಕನ್ನು ನೆಲ್ಲು ಕಾದಂಬರಿಯಲ್ಲಿ ಚಿತ್ರಿಸಿದ ಪಿ. ವತ್ಸಲ ಈ ಅಡ್ಡಿಯನ್ನು ದಾಟಿದವರಲ್ಲಿ ಮುಖ್ಯರು. ಯುನೆಸ್ಕೊದ ಘೋಷಣೆಯಾದ ಮೂರು ವಾರಗಳಿಗೆ, 2023ರ ನವೆಂಬರ್ 21ರಂದು, ಅವರು ಕಲ್ಲಿಕೋಟೆಯಲ್ಲಿ ತೀರಿಕೊಂಡರು. ಮಾಪಿಳ್ಳೆ ಮನೆಗಳ ಒಳಕೋಣೆಗಳನ್ನು ಬರೆದ ಬಿ.ಎಂ. ಸುಹರ, ವೈದ್ಯಕೀಯ ಕಾಲೇಜಿನಲ್ಲಿ ಪ್ರಾಧ್ಯಾಪಕಿಯಾಗಿದ್ದು ಬರ್ಸ ಕಾದಂಬರಿಯಲ್ಲಿ ಧಾರ್ಮಿಕ ವಿಧಿಗಳನ್ನು ಹೆಣ್ಣಿನ ಕಣ್ಣಿನಿಂದ ಪ್ರಶ್ನಿಸಿದ ಖದೀಜ ಮುಮ್ತಾಜ್ ಇವರ ಹೆಸರುಗಳು ಪ್ರವಾಸಿಗಳಿಗೆ ಕೊಡುವ ಕೈಪಿಡಿಗಳಲ್ಲಿ ಇನ್ನೂ ಮುಂದಕ್ಕೆ ಬರಬೇಕಾಗಿದೆ.

2024ರ ಜೂನ್ 23ರಂದು ಕೇರಳ ಸರ್ಕಾರ ತಳಿಯ ಸಭಾಂಗಣದಲ್ಲಿ ಬಿರುದನ್ನು ವಿಧ್ಯುಕ್ತವಾಗಿ ಸಾರಿತು. ಹದಿನೆಂಟೂವರೆ ಕವಿಗಳು ವಾದಿಸಿದ ದೇವಾಲಯ ಅಲ್ಲಿಂದ ಕೂಗಳತೆಯಲ್ಲಿದೆ. ಅದೇ ವರ್ಷದ ಡಿಸೆಂಬರ್ 25ರಂದು ಎಂ.ಟಿ. ವಾಸುದೇವನ್ ನಾಯರ್ ತೊಂಬತ್ತೊಂದರ ವಯಸ್ಸಿನಲ್ಲಿ ಕಲ್ಲಿಕೋಟೆಯಲ್ಲೇ ಕೊನೆಯುಸಿರೆಳೆದರು. ಇಪ್ಪತ್ತನಾಲ್ಕರ ಕತೆಗಾರನೊಬ್ಬನನ್ನು ಉಪಸಂಪಾದಕನನ್ನಾಗಿ ಕರೆದು ಕೂರಿಸಿಕೊಳ್ಳುವ ಸಾಹಿತ್ಯ ವಾರಪತ್ರಿಕೆಗಳ ಬಲ ಈಗ ಎಲ್ಲ ಭಾಷೆಗಳಲ್ಲೂ ಕುಗ್ಗಿದೆ, ನಾಟಕ ಬರೆಯುವುದಕ್ಕೆಂದೇ ಕವಿಗಳಿಗೆ ನೌಕರಿ ಕೊಡುವ ಬಾನುಲಿ ಕೇಂದ್ರವೂ ಉಳಿದಿಲ್ಲ. ನಾಲ್ಕು ವರ್ಷಕ್ಕೊಮ್ಮೆ ಸಲ್ಲಿಸಬೇಕಾದ ವರದಿಯ ಸರದಿ ಕಲ್ಲಿಕೋಟೆಗೆ 2027ರಲ್ಲಿ ಬರುತ್ತದೆ. ಗ್ರಂಥಾಲಯ, ಪ್ರಕಾಶನ, ಉತ್ಸವಗಳ ಸಂಖ್ಯೆಯನ್ನು ತುಂಬುವುದು ಪಾಲಿಕೆಯ ಗುಮಾಸ್ತರಿಗೆ ಕಷ್ಟವಾಗಲಾರದು. ಹೊರಗಿನಿಂದ ಬಂದ ಎಷ್ಟು ಮಂದಿ ಎಳೆಯ ಲೇಖಕರಿಗೆ ಈ ಊರಿನಲ್ಲಿ ತಿಂಗಳ ಸಂಬಳದ ಕೆಲಸ ಸಿಕ್ಕಿತೆಂಬುದನ್ನೂ ಅದರ ಪಕ್ಕದಲ್ಲಿ ಬರೆಯುವ ಮನಸ್ಸು ಪಾಲಿಕೆಗೆ ಬಂದರೆ, ಆ ಲೆಕ್ಕವನ್ನು ಮೊದಲು ತರಿಸಿ ಓದಬೇಕಾದವರಲ್ಲಿ ಧಾರವಾಡದವರೂ ಇದ್ದಾರೆ.